ಸ್ಪೀಕರ್ ಹಲಗೆಯ ಎರಡು ಮುಚ್ಚಳಗಳು

ನಮ್ಮ ಅಡುಗೆಮನೆಯಲ್ಲಿ ಯಾವ ಪಾತ್ರೆಯ ಜೊತೆಗೂ ಹುಟ್ಟದ ಎರಡು ಮುಚ್ಚಳಗಳಿವೆ. ಹಲಸಿನ ಮರದವು, ಒಂದು ಗೇಣು ಅಗಲ, ಹೆಬ್ಬೆರಳಿನಷ್ಟು ದಪ್ಪ, ಅಂಚಿನಲ್ಲಿ ಗರಗಸ ಓಡಾಡಿದ ಗುರುತು. ಒಂದು ದೋಸೆ ಹಿಟ್ಟಿನ ಪಾತ್ರೆಯ ಮೇಲೆ ಕೂರುತ್ತದೆ, ಇನ್ನೊಂದು ಅಕ್ಕಿ ತುಂಬಿದ ಹಳೆಯ ಉಪ್ಪಿನಕಾಯಿ ಭರಣಿಯ ಮೇಲೆ. ಮನೆಗೆ ಬಂದ ಹೆಂಗಸರು ಅವನ್ನು ತಿರುಗಿಸಿ ನೋಡಿ ಎಲ್ಲಿ ಮಾಡಿಸಿದಿರಿ ಎಂದು ವಿಚಾರಿಸುವುದುಂಟು. ಅವು ಮಾಡಿಸಿದವಲ್ಲ, ಮಿಕ್ಕವು. ಸ್ಪೀಕರ್ ಕೂರಿಸಲೆಂದು ನಾನು ಎರಡು ಹಲಗೆಗಳಿಗೆ ದುಂಡನೆಯ ಕಂಡಿ ಕೊರೆಸಿದಾಗ ಉದುರಿದ ಬಿಲ್ಲೆಗಳು. ನೆಲಕ್ಕೆ ಬಿದ್ದ ಕೂಡಲೇ ನನ್ನ ಹೆಂಡತಿ ಪಾರ್ವತಿ ಎತ್ತಿಕೊಂಡು, "ನಿಮ್ ಹುಚ್ಚಿಂದ ಮನೆಗಾದ ಲಾಭ ಇಷ್ಟೇ ಕಣ್ರೀ" ಎಂದು ಒಳಗೆ ಹೋದಳು. ಆಗ ಅವಳ ಮಾತು ಹೆಚ್ಚುಕಡಿಮೆ ನಿಜವಾಗಿತ್ತು.

ಹುಚ್ಚಿನ ಮೂಲವನ್ನು ನಿಮಗೆ ಹೇಳಿಬಿಡುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆಲೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು ನಾನು. ರೇಡಿಯೋಗಳೇ ಬರುವುದು ನಿಂತ ಮೇಲೆ ಬಾಗಿಲು ಹಾಕಿ, ವನಗೂರಿನ ದಾರಿಯಲ್ಲಿರುವ ನಮ್ಮ ನಾಲ್ಕು ಎಕರೆ ಕಾಫಿ ತೋಟಕ್ಕೆ ಬಂದು ಸೇರಿದೆ. ಜೊತೆಯಲ್ಲಿ, ಸತ್ತ ರೇಡಿಯೋಗಳ ಎದೆಯಿಂದ ಬಿಚ್ಚಿಟ್ಟುಕೊಂಡ ಎರಡು ಕಾಗದದ ಸ್ಪೀಕರ್‌ಗಳೂ ಬಂದವು. ಕೆಲಸವಿಲ್ಲದ ಬಡಗಿಯ ಗಾದೆ ನಿಮಗೂ ಗೊತ್ತಿರುತ್ತದೆ, ಪೂರ್ತಿಯಾಗಿ ಬರೆಯುವಂಥದ್ದಲ್ಲ. ನಾನು ಆ ಬಡಗಿಯ ಸ್ಥಿತಿಯಲ್ಲಿದ್ದೆ.

ಸ್ಪೀಕರಿನ ಗುಟ್ಟು ಬಹಳ ಸರಳ. ಅದರ ಕಾಗದ ಮುಂದಕ್ಕೂ ಹಿಂದಕ್ಕೂ ಅದುರುತ್ತದೆ, ಆದ್ದರಿಂದ ದನಿ ಎದೆಯಿಂದ ಹೊರಟಷ್ಟೇ ಬೆನ್ನಿನಿಂದಲೂ ಹೊರಡುತ್ತದೆ. ಸಾಮಾನ್ಯವಾಗಿ ಆ ಬೆನ್ನಿನ ದನಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ, ಆದರೆ ಪೆಟ್ಟಿಗೆ ಸುಮ್ಮನಿರುವ ಪ್ರಾಣಿಯಲ್ಲ. ಹಾಡುವವರ ಜೊತೆ ತಾನೂ ಗುಂಯ್ ಎಂದು ರಾಗ ಎಳೆಯುತ್ತದೆ. ಪೆಟ್ಟಿಗೆಯನ್ನೇ ಬಿಟ್ಟು, ಅಗಲವಾದ ಒಂದು ಹಲಗೆಗೆ ಸ್ಪೀಕರ್ ಕೂರಿಸಿ, ಬೆನ್ನನ್ನು ಬಯಲಿಗೆ ಬಿಟ್ಟರೆ ಮನುಷ್ಯರ ಕಂಠ ಮನುಷ್ಯರ ಕಂಠದಂತೆಯೇ ಕೇಳುತ್ತದೆ ಎಂದು ಬಲ್ಲವರು ಹೇಳುತ್ತಿದ್ದರು. ಅಟ್ಟದಿಂದ ಇಳಿಸಿದ ಹಲಸಿನ ಹಲಗೆಗಳನ್ನು ಊರಿನ ಬಡಗಿ ಪುಟ್ಟಾಚಾರಿಯ ಮುಂದಿಟ್ಟೆ. ಅವನು ಕಂಡಿ ಕೊರೆದು ಮುಗಿಸಿ ಸುತ್ತಲೂ ನೋಡಿದ.

"ಡಬ್ಬಿ ಎಲ್ಲಣ್ಣ?"

"ಡಬ್ಬಿ ಇಲ್ಲ ಕಣೋ. ಹಿಂದೆ ಮುಚ್ಚೋ ಹಂಗಿಲ್ಲ."

"ಬೆನ್ನಿಗ್ ಬಟ್ಟೆ ಇಲ್ದೆ ನಿಲ್ಸ್ತೀರಾ? ಪಾಪ ಮಾರಾಯ್ರೆ!" ಎಂದು ನಕ್ಕು ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

ಈ ಹಲಗೆಗಳನ್ನು ಗೋಡೆಗೆ ಒರಗಿಸುವಂತಿಲ್ಲ. ಬೆನ್ನ ಹಿಂದೆ ಎರಡು ಮೊಳವಾದರೂ ಜಾಗ ಬೇಕು. ನಡುಮನೆಯ ನಟ್ಟನಡುವೆ ಎರಡು ಹಲಗೆಗಳು ನೆಂಟರ ಹಾಗೆ ನಿಂತಿರುವುದಕ್ಕೆ ಪಾರ್ವತಿ ಒಪ್ಪಲಿಲ್ಲ. ಹಾಗಾಗಿ ಮನೆಯ ಪಕ್ಕದ ಸ್ಟೋರಿಗೆ, ಅಂದರೆ ಒಣಗಿದ ಕಾಫಿ ತುಂಬಿಡುವ ಕೋಣೆಗೆ ಹೊತ್ತುಕೊಂಡು ಹೋದೆ. ಕುಯ್ಲಿನ ಕಾಲ. ಕಣದಲ್ಲಿ ಒಣಗಿದ ಕಾಫಿ ಮೂಟೆಯಾಗಿ ದಿನದಿನಕ್ಕೆ ಮೂರು ಗೋಡೆಗಳನ್ನೂ ಮರೆಮಾಡುತ್ತ ಸೂರಿನವರೆಗೆ ಏರುತ್ತಿತ್ತು. ನಡುವೆ ಉಳಿದ ಜಾಗದಲ್ಲಿ ಹಲಗೆಗಳು, ಒಂದು ಸ್ಟೂಲು, ನಾನು.

ಪಾರ್ವತಿಯ ಕಿವಿಯ ವಿಷಯವನ್ನು ಇಲ್ಲಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಸೋಮವಾರದ ಭಜನೆಯಲ್ಲಿ ಮೊದಲ ಸಾಲು ಎತ್ತಿಕೊಡುತ್ತಿದ್ದವಳು ಅವಳು. ಮಿಕ್ಕವರು ಅವಳ ಹಿಂದೆ ಹೇಳುತ್ತಿದ್ದರು. ಮೂರು ವರ್ಷದ ಕೆಳಗೆ ಊರಿಗೆ ಹೊಸ ಸಮುದಾಯ ಭವನ ಬಂತು. ನುಣುಪು ಟೈಲ್ಸು, ಬೋಳು ಗೋಡೆ, ಮೇಲೆ ತಗಡಿನ ಶೀಟು. ಎಲ್ಲರಿಗೂ ಹೆಮ್ಮೆ, ವೈರಿಂಗ್ ಮಾಡಿಕೊಟ್ಟ ನನಗೂ ಹೆಮ್ಮೆ. ಭಜನೆ ನಮ್ಮ ಮನೆಗೆ ಕೂಗಳತೆಯಲ್ಲಿರುವ ಈಶ್ವರ ಗುಡಿಯ ಜಗಲಿಯಿಂದ ಭವನಕ್ಕೆ ಹೋಯಿತು. ಆ ಸುಮಾರಿನಲ್ಲೇ ಪಾರ್ವತಿ ತಡವರಿಸತೊಡಗಿದಳು. ಒಂದು ಸೋಮವಾರ ಎಲ್ಲರೂ ನಿಲ್ಲಿಸಿದ್ದು ತಿಳಿಯದೆ ಅವಳೊಬ್ಬಳೇ ಮುಂದಿನ ಸಾಲು ಹಾಡಿಬಿಟ್ಟಳು. ಒಂದಿಬ್ಬರು ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ. ಅವಳೂ ನಕ್ಕಳು. ಮುಂದಿನ ಸೋಮವಾರ ಮಂಡಿನೋವು ಎಂದು ಮನೆಯಲ್ಲೇ ಉಳಿದಳು. ಮಿಕ್ಕ ಆರು ದಿನ ತೋಟದ ಏರು ಹತ್ತುವ ಮಂಡಿ ಸೋಮವಾರ ಮಾತ್ರ ನೋಯುತ್ತಿತ್ತು.

ಹಾಸನದ ವೈದ್ಯರು ಪರೀಕ್ಷೆ ಮಾಡಿ, ವಯಸ್ಸಿನಿಂದ ಎರಡೂ ಕಿವಿ ಕೊಂಚ ಮಂದವಾಗಿವೆ ಎಂದು ಸಣ್ಣ ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡು ಒಮ್ಮೆ ಭವನಕ್ಕೆ ಹೋಗಿ ಬಂದವಳು, "ಸಂತೆನೆಲ್ಲಾ ತಂದು ಕಿವಿಯೊಳಗೆ ಸುರಿದಂಗೈತೆ" ಎಂದು ತೆಗೆದು, ತೇವ ತಾಗದಿರಲೆಂದು ಅಕ್ಕಿಯ ಭರಣಿಯಲ್ಲಿಟ್ಟಳು. ನಾನು ರೇಗಿದೆ. ರೇಗಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ನಿಜವಾಗಿ ನನಗಿದ್ದದ್ದು ಸಿಟ್ಟಲ್ಲ, ಭಯ. ಒಲೆಯ ಮುಂದೆ ಗುನುಗುತ್ತಿದ್ದವಳು ಗುನುಗುವುದನ್ನೂ ಬಿಟ್ಟಿದ್ದಳು, ಮನೆ ಬಿಕೋ ಎನ್ನುತ್ತಿತ್ತು.

ಜನವರಿಯ ಒಂದು ಸಂಜೆ, ಕಣದ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದ ಮೇಲೆ, ನಾನು ಸ್ಟೋರಿನಲ್ಲಿ ಒಂದು ವಚನ ಹಚ್ಚಿದ್ದೆ. ಪಾರ್ವತಿ ಕಾಫಿ ಲೋಟ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಹೆಣ್ಣುದನಿ, ಜೊತೆಗೆ ಒಂದು ತಂಬೂರಿ ಮಾತ್ರ. ಲೋಟ ನನಗೆ ಕೊಡುವುದನ್ನೂ ಮರೆತು ನಿಧಾನವಾಗಿ ಹೇಳಿದಳು: "ಅಕ್ಷರ ಅಕ್ಷರವೂ ತಿಳೀತೈತೆ ಕಣ್ರೀ." ಒಳಗೆ ಹೋಗಿ, ಭರಣಿಯ ಮರದ ಮುಚ್ಚಳ ಎತ್ತಿ, ಅಕ್ಕಿಯಿಂದ ಯಂತ್ರ ತೆಗೆದು ಕಿವಿಗೆ ಹಾಕಿಕೊಂಡು ಬಂದು ಒಂದು ಮೂಟೆಯ ಮೇಲೆ ಕುಳಿತಳು. ಅಂದಿನಿಂದ ದಿನವೂ ಸಂಜೆ ನಮ್ಮಿಬ್ಬರದು ಅದೇ ಜಾಗ. ಒಂದು ವಾರದಲ್ಲಿ ಅವಳು ಗುನುಗತೊಡಗಿದಳು. ಎರಡು ವಾರಕ್ಕೆ, "ಯುಗಾದಿ ಆದ್ಮೇಲಿನ ಸೋಮವಾರ ಭಜನೆಗೆ ಹೋಯ್ತೀನಿ" ಎಂದಳು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎರಡು ಹಲಗೆ ನಿಲ್ಲಿಸಿ ಹೆಂಡತಿಯ ಕಿವಿ ರಿಪೇರಿ ಮಾಡಿದೆ ಎಂದು ನಂಬಿಬಿಟ್ಟೆ.

ಮಾರ್ಚಿನಲ್ಲಿ ಲಾರಿ ಬಂತು. ಮೂಟೆಗಳು ಹೋದವು. ಸ್ಟೋರನ್ನು ಗುಡಿಸಿ, ಹಲಗೆಗಳ ಧೂಳು ಒರೆಸಿ, ಮರುದಿನ ಸಂಜೆ ಅದೇ ವಚನ ಹಚ್ಚಿದೆ. ಪಾರ್ವತಿ ಸ್ವಲ್ಪ ಹೊತ್ತು ಕೇಳಿದಳು. ಮುಖ ಸಣ್ಣದಾಯಿತು. ಯಂತ್ರ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, "ಎಲ್ಲಾ ಕಲಸುಮೇಲೋಗರ ಆಗ್ಬುಟ್ಟೈತೆ. ನನ್ ಕಿವಿ ಪೂರ್ತಿ ಹೋಗ್ಬುಡ್ತು ಕಣ್ರೀ" ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಯಂತ್ರ ಮತ್ತೆ ಅಕ್ಕಿಗೆ ಸೇರಿತು.

ನನ್ನ ಕಿವಿಗೂ ದನಿ ಕೊಂಚ ಹರಡಿದಂತೆ ಕೇಳುತ್ತಿತ್ತು. ಕೆಟ್ಟಿರುವುದು ನನ್ನ ಹಲಗೆಯೇ ಇರಬೇಕೆಂದು ಸ್ಕ್ರೂ ಬಿಚ್ಚಿದೆ, ವೈರು ಬದಲಿಸಿದೆ, ಕಾಗದದ ಅಂಚಿಗೆ ಗೋಂದು ಹಚ್ಚಿದೆ, ಇಲಿಯನ್ನು ಬೈದೆ. ಜೀವಮಾನವಿಡೀ ಮೇಜಿನ ಮೇಲೆ ತಂದಿಟ್ಟದ್ದನ್ನೇ ಬಿಚ್ಚಿ ನೋಡಿದವನಿಗೆ ದೋಷ ಯಾವಾಗಲೂ ಮೇಜಿನ ಮೇಲೆಯೇ ಇರುತ್ತದೆ. ಹೀಗೆ ನಾನು ಹಲಗೆಯನ್ನೂ ಅವಳು ಕಿವಿಯನ್ನೂ ಶಂಕಿಸುತ್ತಿರುವಾಗಲೇ ಯುಗಾದಿ ಬಂದು ಹೋಯಿತು. ಸೋಮವಾರದ ಮಂಡಿನೋವು ಹಿಂತಿರುಗಿತು.

ಏಪ್ರಿಲಿನಲ್ಲಿ ಒಂದು ದಿನ ಪಾರ್ವತಿ ಖಾಲಿ ಗೋಣಿಚೀಲಗಳನ್ನು ಬಿಸಿಲಿಗೆ ಹಾಕಲು ಸ್ಟೋರಿಗೆ ಬಂದಳು. ಹಲಗೆಯ ಹಿಂದೆ ಕೂತಿದ್ದ ನಾನು ಏನೋ ಕೇಳಿದೆ, ಅವಳಿಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ, ಆಗಲೂ ಇಲ್ಲ. ಇಬ್ಬರೂ ಕಣಕ್ಕೆ ಬಂದ ಮೇಲೆ ಅಷ್ಟೇ ದನಿಯಲ್ಲಿ, ಅಷ್ಟೇ ದೂರದಿಂದ ಅದನ್ನೇ ಹೇಳಿದೆ. ಅವಳು ಉತ್ತರ ಕೊಟ್ಟಳು. ಕೊಟ್ಟವಳು ಗೋಣಿ ಹಿಡಿದಂತೆಯೇ ನಿಂತುಬಿಟ್ಟಳು. "ಒಳಗ್ ಬನ್ನಿ" ಎಂದಳು. ಹೋದೆ. "ಮಾತಾಡಿ." ಮಾತಾಡಿದೆ. "ಹೊರಗ್ ಬನ್ನಿ. ಈಗ್ ಮಾತಾಡಿ." ಇದು ಮೂರು ನಾಲ್ಕು ಸಲ ನಡೆಯಿತು. ಕೊನೆಗೆ ಅವಳು ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು:

"ಕಿವಿ ಅದೇ, ಗಂಡನೂ ಅವ್ರೇ. ಒಳಗೋದ್ರೆ ತಿಳಿಯಾಕಿಲ್ಲ, ಹೊರಗ್ ಬಂದ್ರೆ ತಿಳೀತೈತೆ. ಕೆಟ್ಟಿರೋದು ಸ್ಟೋರು ಕಣ್ರೀ! ಕಾಫಿ ಇದ್ದಾಗ ಹಿಂಗಿರ್ಲಿಲ್ಲ."

ಒಳಗೆ ಹೋಗಿ ಒಂದು ಚಪ್ಪಾಳೆ ತಟ್ಟಿದಳು. ಅದು ಬೋಳು ಗೋಡೆಯಿಂದ ಗೋಡೆಗೆ ಓಡಾಡಿ ಆಮೇಲೆ ಸತ್ತಿತು. ಮೂರು ಗೋಡೆಯ ತುಂಬ ನಿಂತು ಆ ಪ್ರತಿಧ್ವನಿಯನ್ನು ನುಂಗುತ್ತಿದ್ದ ಮೂಟೆಗಳನ್ನು ನಾನೇ ಲಾರಿ ಹತ್ತಿಸಿದ್ದೆ. ರೇಡಿಯೋ ಶಿವಣ್ಣ ಎಂದು ಹೆಸರು ಪಡೆದವನಿಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಬಿದಿರ ಗಳುಗಳ ಮೇಲೆ ಗೋಣಿಚೀಲ, ಕೌದಿ, ಕಂಬಳಿ ಇಳಿಬಿಟ್ಟು, ಹಾಸಿಗೆಗಳನ್ನು ಮೂಲೆಗೆ ನಿಲ್ಲಿಸಿ ವಚನ ಹಚ್ಚಿದೆವು. ಅಕ್ಷರಗಳು ಒಂದೊಂದಾಗಿ ಹಿಂತಿರುಗಿದವು. ಆಗ ಅವಳು ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು. ಕಣ್ಣೊರೆಸಿಕೊಂಡ ಮೇಲೆ ಅವಳು ಮೆಲ್ಲಗೆ, "ಹಂಗಾರೆ ಭವನಾನೂ ಹಿಂಗೇ ಅಲ್ವೇನ್ರೀ?" ಎಂದಳು. ಸೋಮವಾರದ ಮಂಡಿನೋವಿನ ಮೂರು ವರ್ಷ ನನಗೆ ನೆನಪಾಯಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ಎಷ್ಟು ಸಲ ನಕ್ಕಿಲ್ಲ! ಗಾದೆ ಸುಳ್ಳಲ್ಲ, ನೆಪ ಹೇಳುವವರು ಊರಿಗೆ ಹತ್ತು ಜನ ಇರುತ್ತಾರೆ. ಆದರೆ ಆ ಗಾದೆ ಕಟ್ಟಿದವನು ಒಂದು ಸಲ ಬಗ್ಗಿ ನೆಲವನ್ನು ನೋಡಿದ್ದನೇ ಎಂದು ಈಗೀಗ ನನಗೆ ಅನುಮಾನ. ನೆಲ ನಿಜವಾಗಿ ಡೊಂಕಿದ್ದ ಕಡೆಯಲ್ಲೂ ಎಷ್ಟೋ ಮಂದಿ ಗಾದೆಗೆ ಹೆದರಿ, ತಮ್ಮ ಕಾಲನ್ನೇ ಬೈದುಕೊಂಡು ಬದಿಗೆ ಸರಿದಿರಬೇಕು. ಪಾರ್ವತಿಯ ಕಿವಿ ಮಂದವಾಗಿದ್ದದ್ದು ನಿಜ, ಯಂತ್ರ ಬೇಕಾದದ್ದೂ ನಿಜ. ಆದರೆ ಅವಳ ಮೇಲೆ ಬಿದ್ದ ಸೋಲಿನಲ್ಲಿ ದೊಡ್ಡ ಪಾಲು ಟೈಲ್ಸಿನದು ಮತ್ತು ತಗಡಿನದು. ನನ್ನ ಹಲಗೆ ಕೂಡ ತನ್ನಷ್ಟಕ್ಕೆ ಏನೂ ಅಲ್ಲ. ಅದಕ್ಕೆ ಬೆನ್ನ ಹಿಂದೆ ಎರಡು ಮೊಳ ಜಾಗವೂ ಸುತ್ತಲೂ ದನಿ ಹೀರುವ ಮೂಟೆಗಳೂ ಬೇಕು.

ಭಜನೆಯವರ ಮುಂದೆ ಹೋಗಿ ಇದನ್ನು ಹೇಳುವುದು ಪಾರ್ವತಿಗೆ ಸುಲಭವಾಗಲಿಲ್ಲ. ಎರಡು ಸೋಮವಾರ ಹಿಂದೇಟು ಹಾಕಿದಳು. ಮೂರನೆಯದಕ್ಕೆ ಹೋಗಿ, "ನಾನ್ ಬರ್ತೀನಿ, ಆದ್ರೆ ಭಜನೆ ಜಗಲಿಗೆ ಬರ್ಬೇಕು" ಎಂದು, ಭವನದ ನಡುವೆ ನಿಂತು ಚಪ್ಪಾಳೆ ತಟ್ಟಿ ತೋರಿಸಿದಳು. ಅಷ್ಟು ಕಷ್ಟಪಟ್ಟು ಕಟ್ಟಿಸಿದ್ದನ್ನು ಬಿಡುವುದೇ ಎಂದು ಕೆಲವರು ಗೊಣಗಿದರು. ಆಗ ಎಲ್ಲರಿಗಿಂತ ಹಿರಿಯಳಾದ ಗೌರಮ್ಮ ಗೋಡೆ ಹಿಡಿದು ಎದ್ದು ನಿಂತು ಹೇಳಿದಳು: "ನಂಗೂ ಇಲ್ಲಿ ಏನೂ ತಿಳೀತಿರ್ಲಿಲ್ಲ ಕಣವ್ವ. ನಾಚ್ಕೆಗೆ ಸುಮ್ನೆ ಬಾಯಾಡಿಸ್ತಿದ್ದೆ." ಆಮೇಲೆ ಗೊಣಗುವವರು ಯಾರೂ ಇರಲಿಲ್ಲ. ಮಳೆ ಬಿದ್ದ ದಿನ ಭವನದಲ್ಲೇ, ಆದರೆ ಜಮಖಾನ ಹಾಸಿ, ಗೋಣಿ ಕಟ್ಟಿ; ಮಿಕ್ಕ ದಿನ ಜಗಲಿಯಲ್ಲಿ ಎಂದು ತೀರ್ಮಾನವಾಯಿತು.

ಇವತ್ತು ಸೋಮವಾರ. ಇನ್ನೂ ಬೆಳಕಿರುವಾಗಲೇ ಪಾರ್ವತಿ ಗಡಿಬಿಡಿಯಲ್ಲಿ ಹೊರಟುಹೋದಳು. ದೋಸೆ ಹಿಟ್ಟು ಮುಚ್ಚಿದೆಯೋ ಇಲ್ಲವೋ ನೋಡಿ ಎಂದಿದ್ದಳು, ಅಡುಗೆಮನೆಗೆ ಬಂದೆ. ಹಿಟ್ಟು ಮುಚ್ಚಿತ್ತು. ಭರಣಿಯ ಮುಚ್ಚಳ ಮಾತ್ರ ಓರೆಯಾಗಿತ್ತು. ಎತ್ತಿದೆ. ಅಕ್ಕಿಯ ಮೇಲೆ ಯಂತ್ರ ಮಲಗಿದ್ದ ಒಂದು ಸಣ್ಣ ಗುಳಿ ಇತ್ತು, ಯಂತ್ರ ಇರಲಿಲ್ಲ. ಮುಚ್ಚಳವನ್ನು ಪಕ್ಕಕ್ಕಿಟ್ಟು ಗುಡಿಯ ಕಡೆಯ ಕಿಟಕಿ ತೆರೆದೆ. ಅವಳು ಮೊದಲ ಸಾಲು ಎತ್ತಿದಳು. ಮಿಕ್ಕವರು ಹಿಂದೆ ಹೇಳಿದರು. ಅವರು ಮುಗಿಸುವವರೆಗೆ ಕಾದು ಎರಡನೆಯ ಸಾಲು ಎತ್ತಿದಳು.

ಇವತ್ತು ನಾನು ಸ್ಪೀಕರ್ ಹಚ್ಚಲಿಲ್ಲ.