ಕೂಡುರಸ್ತೆಯ ಸಿಮೆಂಟ್ ಮುಖ

ನಾನೀಗಿರುವ ಪಟ್ಟಣದ ಮನೆಯ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಬೆಳಿಗ್ಗೆ ಗೋಡೆಗೆ ನೀರು ಹಾಕಿದಾಗ ಹಸಿ ಸಿಮೆಂಟಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಆ ವಾಸನೆ ಬಂದರೆ ನನಗೆ ಹೋಟೆಲ್ ಮಾವ ನೆನಪಾಗುತ್ತಾರೆ. ಅವರು ನೆಂಟರೇನಲ್ಲ. ವಿಜಯಪುರದ ಬಸ್ಸು ನಿಲ್ಲುವ ನಮ್ಮೂರ ಕೂಡುರಸ್ತೆಯಲ್ಲಿ ಅವರದೊಂದು ಸಣ್ಣ ಹೋಟೆಲು, ಅದಕ್ಕೆ ಅಂಟಿಕೊಂಡೇ ನಮ್ಮ ಮನೆ. ಹಾಗಾಗಿ ಅವರು ಮಾವ, ಅವರ ಹೆಂಡತಿ ಅತ್ತೆ.

ನಾನು ಹೈಸ್ಕೂಲಿನಲ್ಲಿದ್ದಾಗ ಕೂಡುರಸ್ತೆಯಲ್ಲಿ ನಮ್ಮ ಸೀಮೆಯ ದಿವಂಗತ ನಾಯಕರೊಬ್ಬರ ಪ್ರತಿಮೆ ನಿಲ್ಲಿಸಬೇಕೆಂದು ಊರವರು ತೀರ್ಮಾನಿಸಿದರು. ಮಾವನಷ್ಟು ಸಂಭ್ರಮಪಟ್ಟವರು ಇನ್ನೊಬ್ಬರಿಲ್ಲ. ಅವರಪ್ಪ ಗೇಣಿಗೆ ಉಳುತ್ತಿದ್ದ ಹೊಲವನ್ನು, ತಾವೇ ಓಡಾಡಿ, ಅಪ್ಪನ ಹೆಸರಿಗೇ ಮಾಡಿಸಿಕೊಟ್ಟವರು ಆ ನಾಯಕರು. ಹೊಸೂರು ಕಡೆಯಿಂದ ಗೋಪುರಕ್ಕೆ ಸಿಮೆಂಟಿನ ಗೊಂಬೆ ಮಾಡುವ ಶಿಲ್ಪಿಯೊಬ್ಬರು ಬಂದರು. ಅವರ ಕೈಗೆ ಕೊಟ್ಟದ್ದು ಮಾಸಿದ ಕ್ಯಾಲೆಂಡರ್ ಚಿತ್ರ. ಅದರಲ್ಲಿ ಟೋಪಿ ಕಾಣುತ್ತಿತ್ತೇ ಹೊರತು ಮುಖ ಅಷ್ಟಕ್ಕಷ್ಟೆ. ಶಿಲ್ಪಿಗೆ ಮೂರು ಹೊತ್ತೂ ಮಾವನ ಹೋಟೆಲಿನಲ್ಲೇ ಊಟ. ಇಡ್ಲಿ ತಿನ್ನುತ್ತಾ ಎದುರಿಗಿದ್ದ ಮುಖವನ್ನೇ ನೋಡುತ್ತಿದ್ದರೋ ಏನೋ...

ಪ್ರತಿಮೆಯ ಮೇಲಿನ ಬಟ್ಟೆ ಸರಿಸಿದ ದಿನ, ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಹಾಗೇ ನಿಂತವು. ಅದೇ ಉಬ್ಬಿದ ಕೆನ್ನೆ, ಅದೇ ಅಗಲ ಗದ್ದ, ಗಿರಾಕಿ ಹೇಳಿದ್ದನ್ನು ಕೇಳಿಸಿಕೊಳ್ಳುವಂತೆ ಒಂದು ಕಡೆ ವಾಲಿದ ಕತ್ತು. ಟೋಪಿ ಹಾಕಿಕೊಂಡ ಹೋಟೆಲ್ ಮಾವ!

“ಏನಪ್ಪಾ, ಕಾಫಿ ಬಿಟ್ಟು ಅಲ್ಲೋಗಿ ನಿಂತ್ಬಿಟ್ಟೆ?” ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಕೂಡುರಸ್ತೆ ನಕ್ಕಿತು.

ಮಾವ ಮಾತ್ರ ನಗಲಿಲ್ಲ. “ನಾನೆಲ್ಲಿ, ಅವ್ರೆಲ್ಲಿ! ನನ್ ಮೂತಿ ಆ ಪುಣ್ಯಾತ್ಮಂಗೆ ಅಂಟ್ಕೊಂಡ್ಬಿಡ್ತಲ್ಲೇ” ಎಂದು ಅತ್ತೆಯ ಮುಂದೆ ಕಣ್ಣೀರಿಟ್ಟರು. ಅಂದಿನಿಂದ ಮೀಸೆ ಬಿಟ್ಟರು. ಅದೂ ಎಂಥ ಮೀಸೆ! ಬಾಯಿಯೇ ಕಾಣಬಾರದು, ಅಂಥದ್ದು. ಬಿಳಿ ಅಂಗಿ ಹಾಕುವುದನ್ನೂ ನಿಲ್ಲಿಸಿದರು. ನಾಯಕರ ಜಯಂತಿಯ ದಿನ ಅಡುಗೆಮನೆ ಬಿಟ್ಟು ಈಚೆಗೇ ಬರುತ್ತಿರಲಿಲ್ಲ. ಕೊನೆಗೆ ನಮಗೆಲ್ಲ ಮೀಸೆಯ ಮಾವನೇ ಅಭ್ಯಾಸವಾಗಿ, ಹೋಲಿಕೆಯ ಮಾತು ಹಳಬರಿಗೂ ಮರೆತುಹೋಯಿತು.

ಮಾವ ತೀರಿಕೊಂಡ ಮೇಲೆ ಅತ್ತೆ ದಿನಾ ಬೆಳಿಗ್ಗೆ ಪ್ರತಿಮೆಯ ಎದುರಿನ ಕಟ್ಟೆಯಲ್ಲಿ ಕೂರತೊಡಗಿದರು. ಮದುವೆಯ ಫೋಟೊ ಎಂದೋ ಗೆದ್ದಲಿನ ಪಾಲಾಗಿತ್ತು. ಉಳಿದ ಫೋಟೊಗಳಲ್ಲೆಲ್ಲ ಆ ಮೀಸೆ. ತಾವು ಮದುವೆಯಾಗಿ ಬಂದಾಗ ಕಂಡ ಮುಖ ಇದ್ದದ್ದು ಅಲ್ಲೊಂದೇ ಕಡೆ. ಕೋಲಿಗೆ ಬಟ್ಟೆ ಸುತ್ತಿ, ಪ್ರತಿಮೆಯ ಮೇಲಿನ ಕಾಗೆ ಹಿಕ್ಕೆ ಒರೆಸುತ್ತಿದ್ದರು. ನಾಯಕರ ಮೇಲೆ ಎಂಥ ಅಭಿಮಾನ ಎಂದುಕೊಂಡ ಪ್ರತಿಮೆ ಸಮಿತಿಯವರು ಜಯಂತಿಯ ದಿನ ಕರೆದು ಶಾಲು ಹೊದಿಸಿದರು. ಅತ್ತೆ ಆ ಶಾಲು ಹೊದ್ದುಕೊಂಡೇ ನಮ್ಮನೆಗೆ ಬಂದು ನಕ್ಕಿದ್ದೂ ನಕ್ಕಿದ್ದೇ.

ಹೋದ ವರ್ಷ ರಸ್ತೆ ಅಗಲ ಮಾಡುವಾಗ, ಹಳೆಯದನ್ನು ತೆಗೆದು ಕಂಚಿನ ಪ್ರತಿಮೆ ನಿಲ್ಲಿಸುವುದೆಂದಾಯಿತು. “ಹಳೇದನ್ನ ನಮ್ ಹಿತ್ಲಲ್ಲಿ ಇಟ್ಕೋತೀನಿ, ಕೊಡ್ರಪ್ಪಾ” ಎಂದು ಅತ್ತೆ ಕೇಳಿದರು.

“ನಾಯಕರನ್ನ ಹಿತ್ಲಲ್ಲಿ ನಿಲ್ಸಕ್ಕಾಗ್ತದಾ ಅಜ್ಜಿ? ಮರ್ಯಾದೆಯಾಗಿ ಕಳಿಸ್ಕೊಡ್ತೀವಿ” ಎಂದರು ಸಮಿತಿಯ ಹುಡುಗರು. ಮುಕ್ಕಾಗಿ ಭಿನ್ನವಾದ ದೇವರ ಮೂರ್ತಿಯಂತೆ ಅದನ್ನೂ ಕೆರೆಗೆ ಬಿಡಲು ನಿಶ್ಚಯಿಸಿದ್ದರು.

ಅದು ಮಾವನ ಮುಖವೆಂದು ಹೇಳಿಬಿಡಿ, ಕೊಟ್ಟೇ ಕೊಡುತ್ತಾರೆ ಎಂದು, ಆಗ ಊರಿಗೆ ಹೋಗಿದ್ದ ನಾನು ಅತ್ತೆಗೆ ದುಂಬಾಲು ಬಿದ್ದೆ.

“ಬೇಡ ಕಣಮ್ಮ. ಸಾಯೋಗಂಟ ಅದನ್ನ ಮುಚ್ಚಿಟ್ಕೊಂಡು ಬದುಕಿದ್ರು. ಈಗ ನಾನ್ ಬಾಯ್ಬಿಟ್ರೆ ಅವ್ರ್ ಮೀಸೆಗೇನು ಬೆಲೆ?”

ಹಾರ ಹಾಕಿ, ತಮಟೆ ಬಾರಿಸಿಕೊಂಡು, ಟ್ರ್ಯಾಕ್ಟರಿನಲ್ಲಿ ಕೊಂಡೊಯ್ದರು. ಮಾವ ಹೋದಾಗಲೂ ಅಷ್ಟು ಜನ ಸೇರಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನನಗೆ ಆ ಹುಡುಗರ ಮೇಲೆ ಸಿಟ್ಟು ಬಂತು. ಪಾಪ, ಅವರಿಗೇನು ಗೊತ್ತು...

ಮೊನ್ನೆ ಊರಿಗೆ ಹೋಗಿದ್ದೆ. ಕಂಚಿನ ಪ್ರತಿಮೆ ಥೇಟ್ ನಾಯಕರ ಹಾಗೆಯೇ ಇದೆ, ಯಾರೂ ಕೊಂಕು ತೆಗೆಯುವಂತಿಲ್ಲ. ಅತ್ತೆ ಈಗ ಕಟ್ಟೆಗೆ ಹೋಗುವುದಿಲ್ಲ. ನನಗೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತರು.

“ಮೀಸೆ ಇಲ್ದಾಗ ಅವ್ರು ಹೆಂಗಿದ್ರು, ನಿಂಗೇನಾದ್ರೂ ನೆನಪೈತಾ? ನಂಗೆ ಕಣ್ ಮುಚ್ಚಿದ್ರೆ ಬರೀ ಆ ಸಿಮೆಂಟಿಂದೇ ಬರ್ತದೆ.”

ನೆನಪಿದೆ ಎಂದೆ. ನಿಜವಾಗಿ ನನಗೆ ಕಾಣುತ್ತಿದ್ದದ್ದೂ ಆ ಸಿಮೆಂಟಿನ ಮುಖವೇ. ಟೋಪಿಯೊಂದನ್ನು ಬಿಟ್ಟು, ಉಳಿದದ್ದನ್ನೆಲ್ಲ ಅವರಿಗೆ ಹೇಳುತ್ತಾ ಹೋದೆ.