ತಕ್ಕಡಿ ಮಾವನ ಸೋಮವಾರದ ಪೈ

ನನ್ನ ಹೊಟ್ಟೆಯ ಸುತ್ತಳತೆಯ ಬಗ್ಗೆ ನಮ್ಮ ಮನೆಯಲ್ಲಿ ಹಲವು ಸಿದ್ಧಾಂತಗಳಿವೆ. ಅದು ಸೋಮಾರಿತನದ್ದು ಎನ್ನುತ್ತಾಳೆ ಹೆಂಡತಿ. ವಯಸ್ಸಿನದ್ದು ಎನ್ನುತ್ತಾರೆ ಡಾಕ್ಟರು. ಅದು ಕುಂಬಳಕಾಯಿಯದ್ದು ಎಂಬ ನಿಜ ಗೊತ್ತಿದ್ದವರು ಇಬ್ಬರೇ: ನಾನು ಮತ್ತು ತಕ್ಕಡಿ ಮಾವ. ಮಾವ ತೀರಿಕೊಂಡು ಒಂದೂವರೆ ವರ್ಷವಾಯಿತು.

ತಕ್ಕಡಿ ಮಾವ ನನ್ನ ಸೋದರತ್ತೆಯ ಗಂಡ. ತಕ್ಕಡಿ ರಿಪೇರಿ ಅವರ ಕಸುಬು. ನಾನು ಕರಡು ತಿದ್ದುವ ಮುದ್ರಣಾಲಯದ ಎದುರಿಗೇ ಅವರ ಅಂಗಡಿ. ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲೇ ನಿಂತು ಮಾತಾಡಬೇಕು, ಅಷ್ಟು ಅಗಲ. ಗೋಡೆ ತುಂಬ ಕೊಕ್ಕೆಗೆ ನೇತು ಹಾಕಿದ ಸ್ಪ್ರಿಂಗ್ ತಕ್ಕಡಿಗಳು, ಮೇಜಿನ ಮೇಲೆ ಹೊಟ್ಟೆ ಬಗೆಸಿಕೊಂಡು ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿಗಳು, ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಚಿನ್ನ ತೂಗುವಂಥದ್ದೊಂದು. ಹಿತ್ತಾಳೆಯ ತೂಕದ ಬೊಟ್ಟುಗಳನ್ನು ಮಾವ ಚಿಮ್ಮಟದಲ್ಲೇ ಎತ್ತುತ್ತಿದ್ದರು. ನಾನೊಮ್ಮೆ ಕೈಯಲ್ಲಿ ಮುಟ್ಟಿದ್ದಕ್ಕೆ, "ಬೆರಳಿನ ಜಿಡ್ಡೂ ಒಂದು ತೂಕ ಕಣೋ" ಎಂದು ಅರ್ಧ ಗಂಟೆ ಒರೆಸಿದರು.

ಸುಳ್ಳೆಂದರೆ ಅವರಿಗೆ ಆಗದು. ಮಾಂಸದಂಗಡಿಯ ದಢೂತಿ ಆಸಾಮಿಗೂ ಮುಖದ ಮೇಲೆ ಹೇಳಿಬಿಟ್ಟಿದ್ದರು: "ನಿನ್ನ ತಕ್ಕಡಿ ಎಂಟು ಗ್ರಾಂ ಸುಳ್ಳು ಹೇಳ್ತಿದೆ."

"ಎಂಟು ಗ್ರಾಂ ಯಾರಿಗೆ ಗೊತ್ತಾಗತ್ತೆ ಸ್ವಾಮಿ?"

"ತಕ್ಕಡಿಗೆ ಗೊತ್ತಾಗತ್ತಲ್ಲ."

ಇಂಥ ಮನುಷ್ಯ ಇಪ್ಪತ್ತೊಂಬತ್ತು ವರ್ಷ ಒಂದೇ ಒಂದು ಸುಳ್ಳನ್ನು ಸಾಕಿಕೊಂಡು ಬಂದರು. ಅದಕ್ಕೆ ಮೇವು ಹಾಕಿದವನು ನಾನು. ಅಥವಾ ಸರಿಯಾಗಿ ಹೇಳುವುದಾದರೆ, ಅದರ ಮೇವನ್ನು ತಿಂದವನು ನಾನು.

ಮಾವ ಹುಟ್ಟಿದ್ದು ಬೇರೆ ದೇಶದಲ್ಲಿ. ಮೂವತ್ತರ ಆಸುಪಾಸಿನಲ್ಲಿ ಒಂದು ಹತಾರದ ಚೀಲ, ಒಂದು ಸಂಭಾಷಣಾ ಪುಸ್ತಕ ಹಿಡಿದುಕೊಂಡು ಇಲ್ಲಿಗೆ ಬಂದವರು. ಕೊನೆಕೊನೆಗೆ ನಮ್ಮ ಭಾಷೆಯನ್ನು ರೈಲು ನಿಲ್ದಾಣದ ಪ್ರಕಟಣೆಯಂತೆ ಬಿಡಿಬಿಡಿಯಾಗಿ, ಆದರೆ ತಪ್ಪಿಲ್ಲದೆ ಮಾತಾಡುತ್ತಿದ್ದರು. ಮೊದಮೊದಲು ಮಾತ್ರ ಅವರ ತಲೆಯಲ್ಲಿ 'ಬೇಕು' ಮತ್ತು 'ಬೇಡ' ಎರಡೂ ಒಂದೇ ಡ್ರಾಯರಿನಲ್ಲಿದ್ದವು. ಕೈಗೆ ಯಾವುದು ಸಿಕ್ಕಿತೋ ಅದು.

ಅತ್ತೆ ಆಗ ಬೀಜದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಅಲ್ಲಿನ ತಕ್ಕಡಿ ಸರಿ ಮಾಡಲು ಬಂದ ಮಾವ ಕುಂಬಳದ ಬೀಜದ ಪೊಟ್ಟಣ ತೋರಿಸಿ, "ಇದರ ಪೈ. ನನ್ನ ಅಮ್ಮ ಮಾಡೋದು. ನನ್ನ ಪ್ರಾಣ" ಎಂದರಂತೆ. ಅತ್ತೆಗೆ ಅಷ್ಟು ಸಾಕಾಯಿತು. ಅವರ ಕೈಯಲ್ಲಿ ಜಗತ್ತಿನ ಮುಂದೆ ಇಡಬಹುದಾದದ್ದು ಒಂದಿದ್ದರೆ ಅದು ಕುಂಬಳಕಾಯಿಯ ಪೈ. ಬೇಯಿಸಿ ನುಣ್ಣಗೆ ಮಸೆದು, ಮೊಟ್ಟೆ, ಕೆನೆ, ಸಕ್ಕರೆ, ದಾಲ್ಚಿನ್ನಿ ಸೇರಿಸಿ, ಮುಚ್ಚಳವಿಲ್ಲದ ಹಿಟ್ಟಿನ ಬಟ್ಟಲಿಗೆ ಹೊಯ್ದು ಒಲೆಯಲ್ಲಿಟ್ಟರೆ ಹೊರಬರುವಾಗ ನಡುವೆ ಸ್ವಲ್ಪ ನಡುಗುತ್ತಿರಬೇಕು. ಮುಂದಿನ ಭಾನುವಾರವೇ ಊಟಕ್ಕೆ ಕರೆದರು.

ಮಾವನ ಅಮ್ಮ ಮಾಡುತ್ತಿದ್ದದ್ದು ಬೇರೆಯೇ ಪದಾರ್ಥ. ಆಚೆ ಬದಿಯ ಪತ್ರಿಕೆ ಓದಬಹುದಾದಷ್ಟು ತೆಳ್ಳಗೆ ಎಳೆದ ಹಿಟ್ಟಿನ ಹಾಳೆಯಲ್ಲಿ ಉಪ್ಪು ಹಾಕಿ ಹಿಂಡಿದ ಹಸಿ ಕುಂಬಳದ ತುರಿ, ಈರುಳ್ಳಿ, ಕರಿಮೆಣಸು. ಸುತ್ತಿ, ತಟ್ಟೆಯಲ್ಲಿ ಹಗ್ಗದ ಸುರುಳಿಯಂತೆ ಇಟ್ಟು ಬೇಯಿಸುವುದು. ಎರಡು ದೇಶಗಳಲ್ಲೂ ಹೆಸರು ಮಾತ್ರ ಪೈ ಅಂತಲೇ. ತರಕಾರಿಯ ಹೆಸರಲ್ಲೂ ತೊಡಕು. ನಮ್ಮ ಮಾತಿನಲ್ಲಿ ಅದು ಸಿಹಿಗುಂಬಳ. ಸಿಹಿ ಹೆಸರಿನಲ್ಲೇ ಕೂತುಬಿಟ್ಟಿದೆ. ಅವರ ಮಾತಿನಲ್ಲಿ ಅದಕ್ಕೆ ಅಂಥ ಯಾವ ಹಟವೂ ಇರಲಿಲ್ಲ.

ಆ ಭಾನುವಾರ ನಾನೂ ಇದ್ದೆ. ಇಪ್ಪತ್ತರ ಮೇಲೆರಡು ವಯಸ್ಸು, ಬಿಟ್ಟಿ ಊಟವೆಂದರೆ ಹಾಜರು. ಮಾವ ಮೊದಲ ತುಂಡು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಲ್ಲಾಡದೆ ಕೂತರು. ಆಮೇಲೆ ನುಂಗಿದರು. ತಟ್ಟೆ ಖಾಲಿಯಾಯಿತು.

"ಇನ್ನೊಂದು ಹಾಕ್ಲಾ?" ಎಂದರು ಅತ್ತೆ.

"ಬೇಕು, ಬೇಕು" ಎಂದು ಮಾವ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದರು.

"ನಾಚಿಕೆ ನೋಡು, ಪಾಪ" ಎಂದು ಅತ್ತೆ ಕೈ ಸರಿಸಿ ಬಡಿಸಿದರು. ಹೀಗೆ ಮೂರು ತುಂಡು. ನಾನು ಬಿದ್ದು ಬಿದ್ದು ನಕ್ಕೆ. ಆರು ತಿಂಗಳಲ್ಲಿ ಮದುವೆಯಾಯಿತು. ಮಾವನಿಗೆ ಬೇಕು ಬೇಡಗಳ ಜಾಗ ಗೊತ್ತಾಗುವ ಹೊತ್ತಿಗೆ ಭಾನುವಾರದ ಪೈ ಆ ಮನೆಯ ಕಾಯಿದೆಯಾಗಿತ್ತು.

ಭಾನುವಾರ ಅತ್ತೆಯ ಎದುರು ಒಂದು ತುಂಡು. ಉಳಿದದ್ದು ಸೋಮವಾರದ ಊಟದ ಡಬ್ಬಿಗೆ. ಮದುವೆಯಾದ ವರ್ಷವೇ ಒಂದು ಸೋಮವಾರ ಮಾವ ನನ್ನನ್ನು ಅಂಗಡಿಗೆ ಕರೆದು ಡಬ್ಬಿ ನನ್ನ ಕಡೆ ತಳ್ಳಿದರು.

"ನಿಮಗೆ ಮಾವ?"

"ನನಗೆ ಅದು ಆಗಲ್ಲ. ಈ ವಿಷಯ ನಿನ್ನ ಹೊಟ್ಟೆಯಲ್ಲಿರ್ಲಿ."

"ಅಲ್ಲೇ ಇಡ್ತಿದ್ದೀನಿ" ಎಂದು ನಾನು ಎರಡನೇ ತುಂಡಿಗೆ ಕೈ ಹಾಕಿದೆ.

ಹೇಳಿಬಿಡಬಾರದೇ ಎಂದು ಒಂದೆರಡು ಸಲ ಕೇಳಿದ್ದುಂಟು. "ಮೊದಲು ಹೇಳೋಕೆ ಮಾತು ಬರ್ತಿರ್ಲಿಲ್ಲ. ಮಾತು ಬಂದಾಗ ಹೇಳೋ ಹೊತ್ತು ದಾಟಿತ್ತು" ಎನ್ನುತ್ತಿದ್ದರು. ನನಗೂ ಒತ್ತಾಯ ಮಾಡುವ ಆತುರವಿರಲಿಲ್ಲ, ಪೈ ಚೆನ್ನಾಗಿತ್ತು. ನಮ್ಮ ಮುದ್ರಣಾಲಯದ ಬೈಂಡರನಿಗೂ ಒಮ್ಮೆ ಒಂದು ಚೂರು ಕೊಟ್ಟೆ. ಅವನ ತಾಯಿಯ ದೇಶದಲ್ಲಿ ಮುಚ್ಚಳವಿಲ್ಲದ್ದನ್ನು ಪೈ ಎಂದು ಕರೆಯುವುದೇ ಇಲ್ಲವಂತೆ, ಒಳಗೆ ಮಾಂಸವಿಲ್ಲದಿದ್ದರೆ ಊಟವೆಂದೂ ಕರೆಯುವುದಿಲ್ಲವಂತೆ. "ಇದು ಬಟ್ಟೆ ಹಾಕ್ಕೊಳ್ದೆ ಬೀದಿಗೆ ಬಂದಂಗಿದೆ" ಎಂದ. ತಿಂದು ಮುಗಿಸಿಯೇ ಎಂದ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಹೊಟ್ಟೆಬಾಕನಾಗಿರುತ್ತಿದ್ದೆ. ಆದರೆ ನಾನು ಬರಹಗಾರನೂ ಹೌದಲ್ಲ. ವಾರಪತ್ರಿಕೆಗೆ ಹಾಸ್ಯ ಲೇಖನ ಕೊಡಬೇಕಾದ ವಾರ ತಲೆಗೆ ಏನೂ ಹೊಳೆಯದೆ, ಗೆಳೆಯನೊಬ್ಬನ ಕಥೆ ಎಂಬಂತೆ ಇದನ್ನೇ ಬರೆದೆ. ಕುಂಬಳಕಾಯಿಯನ್ನು ಬದನೆಕಾಯಿ ಮಾಡಿದ್ದೆ. ಮರೆಮಾಚುವ ವಿಷಯದಲ್ಲಿ ನನ್ನ ಪ್ರತಿಭೆ ಅಷ್ಟೇ. ಅತ್ತೆ ಓದಿ, ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಪಾಪ ಕಣೋ, ಎಂಥ ಪೆದ್ದಿ ಆ ಹೆಂಗಸು" ಎಂದರು. ಮಾವ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. ಒಂದು ತಿಂಗಳು ನನಗೆ ಡಬ್ಬಿ ಬರಲಿಲ್ಲ.

ಮಾವ ಹೋದದ್ದು ಒಂದು ಮಂಗಳವಾರ ಹನ್ನೊಂದರ ಸುಮಾರಿಗೆ, ಮೇಜಿನ ಮೇಲೆ ತಲೆಯಿಟ್ಟು. ಔಷಧದಂಗಡಿಯವನು ತಕ್ಕಡಿ ಕೊಡಲು ಬಂದವನು, ನಿದ್ದೆ ಮಾಡುತ್ತಿದ್ದಾರೆಂದು ಹತ್ತು ನಿಮಿಷ ಕಾದು ನಿಂತಿದ್ದನಂತೆ. ಅತ್ತೆಗೆ ಹೇಳಲು ಹೋದವನು ನಾನು. ಅವರು ಕಿಟಕಿಯ ಗಾಜು ಒರೆಸುತ್ತಿದ್ದರು. ನಾನು ಹೇಳಿದ ಮೇಲೂ ಆ ಗಾಜನ್ನು ಪೂರ್ತಿ ಒರೆಸಿ ಕೆಳಗಿಳಿದರು. ಮುಂದಿನ ಭಾನುವಾರ ಮತ್ತೆ ಪೈ ಮಾಡಿದರು. "ಅವರಿಗೆ ಪ್ರಾಣ ಅಲ್ವೇನೋ" ಎಂದರು. ನಾನು ತಿಂದೆ.

ಎರಡು ತಿಂಗಳಿಗೆ ಮಾವನ ತಂಗಿ ಬಂದಳು. ಗಂಟುಗಂಟಾದ ಬೆರಳುಗಳ, ದಪ್ಪ ಕನ್ನಡಕದ ಹೆಂಗಸು. ನಮ್ಮ ಮಾತು ತಕ್ಕಮಟ್ಟಿಗೆ ಬರುತ್ತಿತ್ತು. ಅಣ್ಣ ಕೂತು ಕೆಲಸ ಮಾಡಿದ ಜಾಗ ನೋಡಬೇಕೆಂದಳು. ಅತ್ತೆ ನಾದಿನಿಗೆಂದು ಪೈ ಮಾಡಿ, ಮೊದಲ ತುಂಡು ತಟ್ಟೆಗಿಟ್ಟು, "ನಿಮ್ಮಣ್ಣಂಗೆ ಇದಿದ್ರೆ ಬೇರೇನೂ ಬೇಡ" ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ಏಳಲೂ ಆಗಲಿಲ್ಲ.

ತಂಗಿ ಒಂದು ಚೂರು ಬಾಯಿಗಿಟ್ಟು ನಕ್ಕಳು. "ಸಿಹಿ? ಅಣ್ಣ ತಿಂದ? ಇಲ್ಲ ಅತ್ತಿಗೆ. ಬೇರೆ ಯಾರೋ."

"ಪ್ರತಿ ಭಾನುವಾರ" ಎಂದರು ಅತ್ತೆ.

ತಂಗಿ ಚಮಚ ಕೆಳಗಿಟ್ಟಳು. ಆಮೇಲೆ ಹೇಳಿದಳು. ಅವರು ಚಿಕ್ಕವರಿದ್ದಾಗ ಯುದ್ಧ. ಒಂದು ಚಳಿಗಾಲ ಪೂರ್ತಿ ಮನೆಯಲ್ಲಿದ್ದದ್ದು ಅಟ್ಟದ ಮೇಲಿನ ಕುಂಬಳಕಾಯಿಗಳು ಮಾತ್ರ. ಉಪ್ಪು ಎಲ್ಲೂ ಸಿಗುತ್ತಿರಲಿಲ್ಲ. ಬೆಳಿಗ್ಗೆ, ಸಂಜೆ, ಬೇಯಿಸಿದ ಸಪ್ಪೆ ಸಿಹಿ ಕುಂಬಳ. ಎಲ್ಲರಿಗಿಂತ ಚಿಕ್ಕ ತಮ್ಮ ಅದನ್ನು ತಿನ್ನಲೊಲ್ಲೆನೆಂದು ಬಾಯಿ ಮುಚ್ಚಿದವನು ತೆರೆಯಲೇ ಇಲ್ಲ, ಆ ಚಳಿಗಾಲ ದಾಟಲಿಲ್ಲ. ಅಣ್ಣನೇ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸಲು ನೋಡುತ್ತಿದ್ದವನು. ಯುದ್ಧ ಮುಗಿದು ಉಪ್ಪು ಬಂದ ಮೇಲೆ ಅಮ್ಮ ಕುಂಬಳವನ್ನು ಉಪ್ಪು, ಈರುಳ್ಳಿ, ಮೆಣಸು ಹಾಕಿಯೇ ಮಾಡಿದಳು, ಅಣ್ಣನ ಗಂಟಲಲ್ಲಿ ಇಳಿಯಲೆಂದು.

ಅತ್ತೆ ಕೇಳಿಸಿಕೊಂಡು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದರು. ಮರುದಿನ ತಂಗಿಯೇ ನಿಂತು ಆ ಉಪ್ಪಿನ ಪೈ ಮಾಡಿದಳು. ಅತ್ತೆ ಒಂದು ತುಂಡು ಪೂರ್ತಿ ತಿಂದು, "ಚೆನ್ನಾಗಿದೆ. ಅದೇ ಸಂಕಟ" ಎಂದರು. ತಂಗಿ ಅದರ ಮರುದಿನ ಊರಿಗೆ ಹೊರಟಳು.

ಆ ಮಧ್ಯಾಹ್ನ ಅತ್ತೆ ಮುದ್ರಣಾಲಯಕ್ಕೆ ಬಂದರು. ಅಷ್ಟು ವರ್ಷದಲ್ಲಿ ಅವರು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಯಂತ್ರದ ಸದ್ದಿನಲ್ಲಿ, ಕಾಗದದ ರಾಶಿಗಳ ನಡುವೆ, ನನ್ನ ಮೇಜಿನ ಎದುರು ಕೈಚೀಲ ಹಿಡಿದು ನಿಂತರು.

"ಸೋಮವಾರದ ಡಬ್ಬಿ ಖಾಲಿ ಬರ್ತಿತ್ತು. ಯಾರು ತಿಂತಿದ್ರು?"

"ಈ ಹೊಟ್ಟೆ ನೋಡಿದ್ರೆ ಗೊತ್ತಾಗಲ್ವಾ ಅತ್ತೆ" ಎಂದೆ. ಹುಟ್ಟುಗುಣ.

"ತಮಾಷೆ ಆಮೇಲೆ ಮಾಡು."

"ನಾನೇ."

"ಯಾವಾಗಿಂದ?"

"ಮೊದಲಿಂದ."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಆ ಬದನೆಕಾಯಿ ಹೆಂಗಸು ನಾನಾ?"

ನಾನು ತಲೆ ತಗ್ಗಿಸಿದೆ. ಎದುರಿಗೆ ಯಾರದೋ ಕರಡು. ಮೂರು ತಪ್ಪುಗಳಿಗೆ ಗೀಟು ಹಾಕಿದ್ದೆ.

"ಊರೆಲ್ಲ ನಕ್ಕಿತು. ನಾನೂ ನಕ್ಕೆ" ಎಂದರು. "ಅದು ಹೋಗ್ಲಿ ಬಿಡು. ಪ್ರತಿ ಭಾನುವಾರ ಆ ಮನುಷ್ಯನ ಮುಂದೆ ಆ ಮಗೂನ ತಂದಿಟ್ಟು, ತಿನ್ನಿ ತಿನ್ನಿ ಅಂತಿದ್ನಲ್ಲೋ ನಾನು. ನಿಮ್ಗಿಬ್ರಿಗೂ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿರ್ಲಿಲ್ಲ."

"ಮಗುವಿನ ವಿಷಯ ನನಗೂ ಗೊತ್ತಿರ್ಲಿಲ್ಲ ಅತ್ತೆ. ಸಿಹಿ ಆಗಲ್ಲ ಅಂದ್ಕೊಂಡಿದ್ದೆ."

"ಕೇಳಿದ್ಯಾ?"

ಕೇಳಿರಲಿಲ್ಲ. ಯಾಕೆ ಹೇಳಬಾರದು ಎಂದು ಕೇಳಿದ್ದೆ. ಯಾಕೆ ಆಗಲ್ಲ ಎಂದು ಕೇಳಿರಲಿಲ್ಲ. ಬಾಯಿ ತುಂಬಿತ್ತು.

ಅತ್ತೆ ಹೋದರು. ನಾಲ್ಕು ತಿಂಗಳು ನನ್ನೊಂದಿಗೆ ಮಾತಿಲ್ಲ. ಹೆಂಡತಿ ಹೋಗಿ ಬರುತ್ತಿದ್ದಳು. ಮನೆಯಲ್ಲಿ ಒಲೆಯೇ ಹಚ್ಚುವುದಿಲ್ಲವೆಂದೂ, ಬ್ರೆಡ್ಡು ಹಾಲಿನಲ್ಲೇ ದಿನ ದೂಡುತ್ತಾರೆಂದೂ, ಮಾವನ ಫೋಟೋವನ್ನು ಗೋಡೆಯಿಂದ ಇಳಿಸಿ ಬೀರುವಿನೊಳಗೆ ಇಟ್ಟಿದ್ದಾರೆಂದೂ ಹೇಳಿದಳು. "ಅವರ ಮುಖ ನೋಡಿದ್ರೆ, ಆ ಮೂವತ್ತು ವರ್ಷದಲ್ಲಿ ಯಾವುದು ನಿಜ ಅಂತ ಹುಡುಕೋ ಹಾಗಾಗತ್ತಂತೆ."

ಆಮೇಲೆ ಒಂದು ಬುಧವಾರ ಬರಹೇಳಿದರು. ಹೋದೆ. ಮೇಜಿನ ಮೇಲೆ ಹಗ್ಗದ ಸುರುಳಿಯಂಥದ್ದು, ಅಲ್ಲಲ್ಲಿ ಹರಿದು, ಒಂದು ಬದಿ ಸೀದು ಕೂತಿತ್ತು. ನಾದಿನಿಗೆ ಫೋನು ಮಾಡಿ ಬರೆದುಕೊಂಡ ಹಾಳೆ ಪಕ್ಕದಲ್ಲಿ. ಕಸದ ಬುಟ್ಟಿಯಲ್ಲಿ ಕೆಟ್ಟುಹೋದ ಹಿಟ್ಟಿನ ಮುದ್ದೆಗಳು. ಇದು ಮೊದಲ ಪ್ರಯತ್ನವಲ್ಲ.

"ತಿಂದು ಹೇಳು" ಎಂದರು. ಎದುರಿಗೆ ಕೂತರು.

ತಿಂದೆ. ಉಪ್ಪು ನಾಲಿಗೆಗೆ ಬರೆ ಎಳೆದಂತಿತ್ತು. ಅತ್ತೆಯ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಚೆನ್ನಾಗಿದೆ ಎನ್ನುವುದು ನನಗೆ ಮೂರು ದಶಕಗಳ ಅಭ್ಯಾಸ. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

"ಉಪ್ಪು ಜಾಸ್ತಿ ಅತ್ತೆ" ಎಂದೆ. "ತುಂಬಾನೇ ಜಾಸ್ತಿ. ಹಿಟ್ಟೂ ಬೆಂದಿಲ್ಲ."

ಅತ್ತೆ ನನ್ನ ತಟ್ಟೆಯಿಂದಲೇ ಒಂದು ಚೂರು ಮುರಿದು ಬಾಯಿಗಿಟ್ಟು, ಮುಖ ಹಿಂಡಿ, ನುಂಗಿದರು.

"ಇಷ್ಟು ಹೇಳಿದ್ದಿದ್ರೆ ಸಾಕಿತ್ತು ಅವರು" ಎಂದರು. "ನಾನೇನು ಹೊಡೀತಿದ್ನಾ."

ಅಲ್ಲಿಯವರೆಗೆ ಅತ್ತೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಗ ಅತ್ತರು. ನನಗೆ ಏನು ಮಾಡಬೇಕೆಂದು ತೋಚದೆ ಎದ್ದು ಹೋಗಿ ಎರಡು ಲೋಟ ನೀರು ತಂದಿಟ್ಟೆ. ಅವರು ಒಂದನ್ನು ತೆಗೆದುಕೊಂಡು, ಇನ್ನೊಂದನ್ನು ನನ್ನ ಕಡೆ ಸರಿಸಿದರು.