ಮಿಂಚು ನೋಡುವ ಮಾವ

ಸೊಸೆಗೆ ಮಾವನಿಂದ ಬೇರೆ ಯಾವ ಕಾಟವೂ ಇರಲಿಲ್ಲ, ಮಿಂಚಿನದೊಂದೇ. ಮೋಡ ಕವಿದರೆ ಸಾಕು, ಮಾವ ಕುರ್ಚಿ ಎಳೆದುಕೊಂಡು ಕಿಟಕಿಗೆ ಅಂಟಿಕೊಳ್ಳುತ್ತಿದ್ದರು. ಮಿಂಚು ಬಲಕ್ಕೆ ಹೊಳೆದರೆ ಶುಭ. ಎಡಕ್ಕೆ ಹೊಳೆದರೆ ಅವತ್ತು ಮನೆಯವರು ಯಾರೂ ಹೊರಗೆ ಕಾಲಿಡುವಂತಿಲ್ಲ. ಹೀಗೆ ಮಗನ ಎರಡು ಇಂಟರ್‌ವ್ಯೂ ತಪ್ಪಿದವು. ಸೊಸೆ ಹೊಲಿದಿಟ್ಟ ಮದುಮಗಳ ಬಟ್ಟೆ ಮದುವೆ ಮುಗಿದ ಮೇಲೆ ತಲುಪಿತು. ಪಕ್ಕದ ಮನೆಯ ಮೇಷ್ಟ್ರು ನಿಘಂಟು ತಿರುವಿ, "ಮಿಂಚು ನೋಡಿ ಶಕುನ ಹೇಳೋ ನಿಮ್ಮಂಥವರಿಗೆ ಲ್ಯಾಟಿನ್ನಿಂದ ಬಂದ ಹೆಸರೇ ಇದೆ ಸಾರ್, ಫಲ್ಗುರೇಟರ್ ಅಂತ" ಎಂದ ಮೇಲಂತೂ ಅವರನ್ನು ಹಿಡಿಯುವವರೇ ಇಲ್ಲವಾಯಿತು. ಗೇಟಿನ ಬೋರ್ಡಿನಲ್ಲಿ ಹೆಸರಿನ ಕೆಳಗೆ ಅದನ್ನೂ ಬರೆಸಿದರು. ಅದನ್ನು ಓದಿದ ಅಂಚೆಯವನು ಯಾವುದೋ ಕರೆಂಟಿನ ಕೆಲಸವೆಂದುಕೊಂಡು ತನ್ನ ಮನೆಯ ಮಿಕ್ಸಿಯನ್ನು ರಿಪೇರಿಗೆ ತಂದುಕೊಟ್ಟ. "ಈ ಮನೇಲಿ ಕರೆಂಟ್ ಹೋದ್ರೂ ಪರವಾಗಿಲ್ಲ, ಮಿಂಚು ಮಾತ್ರ ಬರ್ಬಾರ್ದು" ಎಂದು ಸೊಸೆ ಗೊಣಗುತ್ತಿದ್ದಳು. ಅವಳ ಎದೆಯ ಗಂಟಿನ ರಿಪೋರ್ಟ್ ಬರುವ ದಿನ, ಚಪ್ಪಲಿ ಮೆಟ್ಟುವಾಗಲೇ ಎಡಗಡೆಯ ಆಕಾಶ ಸೀಳಿದಂತೆ ಮಿಂಚಿತು. ಮುಗೀತು, ಇನ್ನು ಆಸ್ಪತ್ರೆ ನಾಳೆಗೇ ಎಂದುಕೊಂಡು ಅವಳು ಹಲ್ಲು ಕಚ್ಚಿ ನಿಂತಳು. ಮಾವ ಕುರ್ಚಿಯಿಂದ ಎದ್ದರು. ಮುಖ ಬಿಳಿಚಿಕೊಂಡಿತ್ತು. "ಅದೆಲ್ಲ ಬರೀ ಸುಳ್ಳು ಕಣಮ್ಮಾ" ಎಂದರು. "ನಡಿ, ನಾನೂ ಬರ್ತೀನಿ" ಎನ್ನುತ್ತ ಕೊಡೆ ತೆಗೆದುಕೊಂಡು ಅವಳಿಗಿಂತ ಮುಂಚೆ ಮೆಟ್ಟಿಲಿಳಿದರು.